ಇಪ್ಪತ್ತು ದೇಶ ಬೇಡ, ಒಬ್ಬ ಕುರಿಗಾಹಿ ಸಾಕು

ನಮಸ್ಕಾರ,

ಲ್ಯಾಟಿನ್‌ನಿಂದ ಹುಟ್ಟಿದ ಭಾಷೆಗಳನ್ನು ಆಡುವ ದೇಶಗಳ ಬಗ್ಗೆ ನೀವು ಬರೆದ 'ಲ್ಯಾಟಿನ್ ತಾಯಿಯ ಮಕ್ಕಳು' ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಅಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಆರನೇ ಪುಟದಲ್ಲಿ ಎರಡೇ ಸಾಲಿಗೆ ಬಂದು ಹೋಗುವ ಒಬ್ಬ ಮನುಷ್ಯನಿಗಾಗಿ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಐದು ಪುಟ ತೆಗೆದುಬಿಡಿ. ಪೋರ್ಚುಗಲ್‌ನಿಂದ ಹಿಡಿದು ರೊಮೇನಿಯಾವರೆಗೆ ರಾಜಧಾನಿ, ಜನಸಂಖ್ಯೆ, ಊಟತಿಂಡಿ. ಇದೆಲ್ಲ ಫೋನಿನಲ್ಲಿ ಎರಡು ನಿಮಿಷಕ್ಕೆ ಸಿಗುತ್ತದೆ. ಇನ್ನು 'ಇಟಲಿಯವರಿಗೆ ಕೋಪ ಜಾಸ್ತಿ, ಸ್ಪೇನಿನವರಿಗೆ ಕುಣಿತ ಜಾಸ್ತಿ, ಎಲ್ಲ ಲ್ಯಾಟಿನ್ ರಕ್ತದ ಗುಣ' ಎಂಬ ಮಾತಂತೂ ಬೇಡವೇ ಬೇಡ. ಭಾಷೆ ರಕ್ತದಲ್ಲಿ ಹರಿದು ಬರುವುದಿಲ್ಲ. ಇವತ್ತು ಫ್ರೆಂಚ್, ಸ್ಪ್ಯಾನಿಷ್ ಆಡುವವರ ಪೂರ್ವಜರಲ್ಲಿ ಬಹಳಷ್ಟು ಮಂದಿ ರೋಮ್‌ಗೆ ಸೋತವರು. ಸೈನ್ಯ, ಸಂತೆ, ಕೋರ್ಟು, ಕಂದಾಯ ಎಲ್ಲವೂ ಲ್ಯಾಟಿನ್‌ನಲ್ಲಿ ನಡೆದಾಗ ತಲೆಮಾರುಗಳು ಕಳೆದಂತೆ ಮನೆಮಾತು ಬದಲಾಯಿತು. ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ ಅಲ್ಲಿನ ಮೂಲನಿವಾಸಿಗಳ ಕೆಚುವಾ ಭಾಷೆ ಆಡುತ್ತಿದ್ದವರ ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿ ಈಗ ಸ್ಪ್ಯಾನಿಷ್ ಆಡುತ್ತಾರೆ. ಅವರ ರಕ್ತ ಯಾವುದು ಅಂತ ಬರೆಯುತ್ತೀರಿ?

ಪ್ರಾಚೀನ ರೋಮ್‌ನ ವಾಗ್ಮಿ ಸಿಸೆರೊ ಬರೆದಂಥ ಗ್ರಾಂಥಿಕ ಲ್ಯಾಟಿನ್ ಒಡೆದು ಈ ಭಾಷೆಗಳು ಹುಟ್ಟಿದವು ಎಂದಿರುವುದೂ ಸರಿಯಲ್ಲ. ಹುಟ್ಟಿದ್ದು ಸಿಪಾಯಿಗಳ, ವ್ಯಾಪಾರಿಗಳ ಆಡುಮಾತಿನಿಂದ. 813ರಲ್ಲಿ ಫ್ರಾನ್ಸಿನ ಟೂರ್ ಊರಿನಲ್ಲಿ ಸೇರಿದ ಬಿಷಪ್‌ಗಳ ಸಭೆ, ಉಪದೇಶವನ್ನು ಜನರ ಮಾತಿನಲ್ಲಿ ಹೇಳಿ ಅಂತ ನಿಯಮ ಮಾಡಿತು. ಅಂದರೆ ಚರ್ಚಿನ ಲ್ಯಾಟಿನ್ ಆಗಲೇ ಜನರಿಗೆ ಅರ್ಥವಾಗುತ್ತಿರಲಿಲ್ಲ. ಇದನ್ನು ಒಂದು ಪ್ಯಾರಾದಲ್ಲಿ ಹೇಳಿದರೆ ಸಾಕು.

ಈಗ ಆ ಮನುಷ್ಯನ ವಿಷಯಕ್ಕೆ ಬರುತ್ತೇನೆ. ಗೆಯೋರ್ಗೆ ಕರ್ತ್ಸಾನ್, ಟ್ರಾನ್ಸಿಲ್ವೇನಿಯಾದ ಕುರಿಗಾಹಿ. ಈಗ ರೊಮೇನಿಯಾದಲ್ಲಿರುವ ಆ ಸೀಮೆ ಆಗ ಆಸ್ಟ್ರಿಯಾ-ಹಂಗೇರಿಯ ಆಳ್ವಿಕೆಯಲ್ಲಿತ್ತು. ಈತ ಬೆಟ್ಟ ದಾಟಿ ರೊಮೇನಿಯನ್ ಪುಸ್ತಕಗಳನ್ನು ಕದ್ದುಮುಚ್ಚಿ ಸಾಗಿಸುತ್ತಿದ್ದವನು. 1896ರಲ್ಲಿ ನಡೆದುಕೊಂಡೇ ರೋಮ್‌ಗೆ ಹೋದ. ಹೋಗಿದ್ದು ರೋಮ್‌ನ ಚಕ್ರವರ್ತಿ ಟ್ರಾಜನ್‌ನ ಕಂಬ ನೋಡಲು. ರಾತ್ರಿ ಅದರ ಬುಡದಲ್ಲೇ ಮಲಗಿದ. ಈಗಿನ ರೊಮೇನಿಯಾದ ಸೀಮೆಗೆ ಹಿಂದೆ ಡೇಸಿಯಾ ಎಂದು ಹೆಸರು. ಕಂಬದಲ್ಲಿ ಕೆತ್ತಿದ ಡೇಸಿಯಾದವರ ಹಾಗೇ ಟೋಪಿ, ಉದ್ದ ಅಂಗಿ ತೊಟ್ಟಿದ್ದವನನ್ನು ಕಂಡು ಊರಿಗೆ ಊರೇ ಬೆರಗಾಯಿತಂತೆ. ಕಂಬದಿಂದ ಡೇಸಿಯಾದವನೊಬ್ಬ ಇಳಿದು ಬಂದಿದ್ದಾನೆ ಅಂತ ಪತ್ರಿಕೆಗಳು ಬರೆದವಂತೆ.

ನೀವು ಇದನ್ನು 'ಮಗ ತಾಯಿಯನ್ನು ಕಂಡ' ಎಂದು ಮುಗಿಸಿಬಿಟ್ಟಿದ್ದೀರಿ. ಆ ಕಂಬದಲ್ಲಿ ಏನಿದೆ ಅಂತ ಒಮ್ಮೆ ನೋಡಿ ಸ್ವಾಮಿ! 113ರಲ್ಲಿ ನಿಲ್ಲಿಸಿದ, ಸುಮಾರು 30 ಮೀಟರ್ ಎತ್ತರದ ಅಮೃತಶಿಲೆ. ಕೆಳಗಿನಿಂದ ಮೇಲಿನವರೆಗೆ ಸುತ್ತಿಕೊಂಡು ಹೋಗುವ ಕೆತ್ತನೆಯಲ್ಲಿ ಟ್ರಾಜನ್ ಡೇಸಿಯಾವನ್ನು ಗೆದ್ದ ಕತೆ. ತುದಿಯ ಹತ್ತಿರ ಡೇಸಿಯಾದ ದೊರೆ ಡೆಸೆಬಾಲಸ್ ಮರದಡಿ ಕುಸಿದು ಕತ್ತು ಕೊಯ್ದುಕೊಳ್ಳುತ್ತಿದ್ದಾನೆ. ರೋಮ್‌ನ ಕುದುರೆ ಸವಾರರು ಮೇಲೆ ಬೀಳುತ್ತಿದ್ದಾರೆ. ನಮ್ಮ ಕುರಿಗಾಹಿ ಗೆದ್ದವನ ಭಾಷೆ ಆಡುತ್ತಾ, ಸೋತವರ ಬಟ್ಟೆ ತೊಟ್ಟು, ಇಬ್ಬರೂ ನನ್ನ ಹಿರಿಯರೇ ಅಂತ ಅಲ್ಲಿ ನಿಂತಿದ್ದಾನೆ. ಲೇಖನ ಇಲ್ಲಿಂದ ಶುರುವಾಗಬೇಕು.

ಹಾಗೆ ನಂಬಲು ಅವನಿಗೆ ಹೇಳಿಕೊಟ್ಟವರು ಯಾರು? ಅದನ್ನು ಬರೆಯಿರಿ. ಟ್ರಾನ್ಸಿಲ್ವೇನಿಯಾದ ಗ್ರೀಕ್ ಕ್ಯಾಥೊಲಿಕ್ (ಪೂರ್ವದ ಚರ್ಚಿನ ಪದ್ಧತಿ ಉಳಿಸಿಕೊಂಡು ರೋಮ್‌ನ ಪೋಪ್‌ರನ್ನು ಒಪ್ಪಿದ ಪಂಥ) ವಿದ್ವಾಂಸರಾದ ಮಿಕು ಮತ್ತು ಶಿಂಕಾಯ್ 1780ರಲ್ಲಿ ವಿಯೆನ್ನಾದಲ್ಲಿ ರೊಮೇನಿಯನ್ ಭಾಷೆಯ ಒಂದು ವ್ಯಾಕರಣ ಅಚ್ಚು ಹಾಕಿಸಿದರು. ಶಿಂಕಾಯ್ ರೋಮ್‌ನಲ್ಲೇ ಓದಿದವರು. ಅಲ್ಲಿಯವರೆಗೆ ಸಾಮಾನ್ಯವಾಗಿ ರಷ್ಯನ್ ಭಾಷೆಯ ಹಾಗೆ ಸಿರಿಲಿಕ್ ಲಿಪಿಯಲ್ಲಿದ್ದ ರೊಮೇನಿಯನ್ನನ್ನು ಅವರು ಲ್ಯಾಟಿನ್ ಅಕ್ಷರದಲ್ಲಿ ಬರೆದು ತೋರಿಸಿದರು. ರೊಮೇನಿಯಾದಲ್ಲಿ ಸರ್ಕಾರ ಲಿಪಿ ಬದಲಿಸಿದ್ದು 1860ರ ದಶಕದಲ್ಲಿ. ನೀವು ಹೇಳುವ ಹಾಗೆ ಪರಂಪರೆ ಸುಮ್ನೆ ಉಳಿದುಕೊಂಡು ಬಂದಿದ್ದಲ್ಲ, ಕೂತು ಕಟ್ಟಿದ್ದೂ ಇದೆ.

ಇನ್ನೊಂದು ತಕರಾರು. ರೋಮನ್ ಸಿಪಾಯಿಗಳು ಡೇಸಿಯಾದ ಹೆಣ್ಣುಗಳನ್ನು ಮದುವೆಯಾದರು, ರೊಮೇನಿಯನ್ನರು ಹುಟ್ಟಿದರು ಎಂದು ಒಂದೇ ಉಸಿರಿನಲ್ಲಿ ಬರೆದಿದ್ದೀರಿ. ರೋಮ್ ಅಲ್ಲಿ ಆಳಿದ್ದು 106ರಿಂದ 270ರ ದಶಕದವರೆಗೆ, ಬರೀ ನೂರಾ ಎಪ್ಪತ್ತು ವರ್ಷದ ಒಳಗೆ. ಬ್ರಿಟನ್ನಿನಲ್ಲಿ ಮುನ್ನೂರ ಅರವತ್ತಕ್ಕೂ ಜಾಸ್ತಿ ವರ್ಷ ಆಳಿದರೂ ಲ್ಯಾಟಿನ್ ಮನೆಮಾತಾಗಿ ಉಳಿಯಲಿಲ್ಲ. ಹಾಗಾದರೆ ಇಲ್ಲಿ ಹೇಗೆ ಉಳಿಯಿತು? ಜನ ಅಲ್ಲೇ ಇದ್ದರು ಎನ್ನುತ್ತಾರೆ ರೊಮೇನಿಯಾದ ಇತಿಹಾಸಕಾರರು. ಇಲ್ಲ, ಡ್ಯಾನ್ಯೂಬ್ ನದಿಯ ದಕ್ಷಿಣದಿಂದ ಆಮೇಲೆ ಬಂದರು ಎನ್ನುತ್ತಾರೆ ಹಂಗೇರಿಯವರಲ್ಲಿ ಹೆಚ್ಚಿನವರು. ಟ್ರಾನ್ಸಿಲ್ವೇನಿಯಾ ಯಾರದು ಎಂಬ ಜಗಳ ಅದರ ಹಿಂದಿದೆ. ಎರಡನ್ನೂ ಹೇಳಿ. ಯಾರು ಸರಿ ಅಂತ ತೀರ್ಪು ಕೊಡುವ ಕೆಲಸ ನಮಗೆ ಬೇಡ.

ಕೊನೆಯ ಪ್ಯಾರಾದಲ್ಲಿ ಕನ್ನಡ, ತಮಿಳು, ತೆಲುಗು ಕೂಡ ಹೀಗೇ ಅಂದಿದ್ದೀರಿ. ಅಷ್ಟು ಸಲೀಸಲ್ಲ. ಆ ಭಾಷೆಗಳ ತಾಯಿಯಾದ ಲ್ಯಾಟಿನ್‌ನಲ್ಲಿ ಬರೆದದ್ದು ಕಲ್ಲಿನಲ್ಲಿ, ಪುಸ್ತಕದಲ್ಲಿ ರಾಶಿಗಟ್ಟಲೆ ಇದೆ. ನಮ್ಮ ಭಾಷೆಗಳ ತಾಯಿಯಾದ ಮೂಲ ದ್ರಾವಿಡದ್ದು ಅಂತ ಖಚಿತವಾಗಿ ತೋರಿಸಬಲ್ಲ ಒಂದು ಸಾಲೂ ಇಲ್ಲ, ಎಲ್ಲ ಭಾಷಾಶಾಸ್ತ್ರಜ್ಞರು ಹೋಲಿಸಿ ಊಹಿಸಿದ್ದು. ಆ ಪ್ಯಾರಾ ಬಿಟ್ಟುಬಿಡಿ.

ತಿದ್ದಿ ಕಳಿಸುವುದಾದರೆ 1,200 ಪದ ಮೀರಬೇಡಿ. ಟ್ರಾಜನ್ ಹೆಸರನ್ನು ಮೂರು ಕಡೆ ಮೂರು ಥರ ಬರೆದಿದ್ದೀರಿ, ಒಂದೇ ಮಾಡಿ. ಕಂಬದ ಫೋಟೋ ಇದೆ ಅಂದಿರಲ್ಲ, ಕೆಳಗಿನಿಂದ ತೆಗೆದದ್ದಾದರೆ ಡೆಸೆಬಾಲಸ್ ಕಾಣುವುದಿಲ್ಲ. ಬುಕಾರೆಸ್ಟ್‌ನ ರಾಷ್ಟ್ರೀಯ ಇತಿಹಾಸ ಮ್ಯೂಸಿಯಂನಲ್ಲಿ ಕಂಬದ ಕೆತ್ತನೆಯಿಂದ ಅಚ್ಚು ತೆಗೆದು ಮಾಡಿದ ಪ್ರತಿಗಳನ್ನು ಕಣ್ಣಿಗೆ ಹತ್ತಿರವಾಗಿ ಇಟ್ಟಿದ್ದಾರೆ. ಅಲ್ಲಿ ತೆಗೆದ, ನಾವು ಅನುಮತಿ ಪಡೆದು ಬಳಸಬಹುದಾದ ಚಿತ್ರ ಸಿಕ್ಕರೆ ಅದನ್ನೇ ಕಳಿಸಿ.

ನಿಮ್ಮ,
ಸಂಪಾದಕ