ಬೇಸಿಗೆಯಲ್ಲಿ ಬಾಯಿ ಬಿಡುವ ಗೋಡೆ

ಪ್ರಶ್ನೆ: ದಾವಣಗೆರೆಯ ಹೊರವಲಯದ ಬಡಾವಣೆಯಲ್ಲಿ 9 ವರ್ಷಗಳ ಹಿಂದೆ, ಮೊದಲು ಭತ್ತದ ಗದ್ದೆಯಾಗಿದ್ದ ಜಾಗದಲ್ಲಿ, ಸುತ್ತ ಸ್ವಲ್ಪ ಬಯಲು ಬಿಟ್ಟು ಒಂದಂತಸ್ತಿನ ಮನೆ ಕಟ್ಟಿಸಿದೆವು. ಪ್ರತಿ ಬೇಸಿಗೆಯಲ್ಲೂ ಕಿಟಕಿಗಳ ಮೂಲೆಯಿಂದ ಓರೆಯಾಗಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕಿರಿದಾಗುತ್ತದೆ. ಮೇಸ್ತ್ರಿ ಎರಡು ಸಲ ಸಿಮೆಂಟ್ ತುಂಬಿದರೂ ಪಕ್ಕದಲ್ಲೇ ಮತ್ತೆ ಬಿಟ್ಟಿತು. ನೆಂಟರು ವಾಸ್ತುದೋಷ ಎನ್ನುತ್ತಿದ್ದಾರೆ. ಮಗನ ಮದುವೆಗೆ ಮುನ್ನ ಮಹಡಿ ಕಟ್ಟಿಸಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಬಿರುಕು ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುತ್ತದೆ ಎಂದು ನೀವು ಬರೆದಿರುವ ಒಂದು ಮಾತೇ ಕಾರಣವನ್ನು ಬಹುಮಟ್ಟಿಗೆ ಹೇಳುತ್ತದೆ. ನಿಮ್ಮ ಮನೆ ನಿಂತಿರುವುದು ಎರೆ ಮಣ್ಣಿನ ಮೇಲೆ. ನೀರು ಕುಡಿದರೆ ಉಬ್ಬಿ, ಒಣಗಿದರೆ ಕುಗ್ಗುವ ಈ ಮಣ್ಣು ಮನೆಯ ನಡುಭಾಗದ ಕೆಳಗೆ ವರ್ಷವಿಡೀ ಹೆಚ್ಚುಕಡಿಮೆ ತೇವವಾಗಿಯೇ ಇರುತ್ತದೆ. ಬಿಸಿಲು ತಾಗುವ ಅಂಚಿನಲ್ಲಿ ಮಾತ್ರ ಒಣಗಿ ಕುಗ್ಗುವುದರಿಂದ ಮೂಲೆಗಳು ತುಸು ಕೆಳಗಿಳಿಯುತ್ತವೆ, ಗೋಡೆ ತನ್ನ ಅತಿ ದುರ್ಬಲ ಜಾಗವಾದ ಕಿಟಕಿ, ಬಾಗಿಲುಗಳ ಮೂಲೆಯಲ್ಲಿ ಸೀಳುತ್ತದೆ. ಬಾಗಿಲನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಇದು ನಿಲ್ಲುವುದಿಲ್ಲ. ಆ ಹಣವನ್ನು ಉಳಿಸಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೇಸ್ತ್ರಿ ಎಡವಿದ್ದು ಕಾಲದ ವಿಷಯದಲ್ಲಿ. ಬಾಯಿ ಬಿಟ್ಟಿರುವ ಬಿರುಕಿಗೆ ಬೇಸಿಗೆಯಲ್ಲಿ ಗಟ್ಟಿ ಸಿಮೆಂಟ್ ತುಂಬಿದರೆ, ಮಳೆ ಬಂದು ಮಣ್ಣು ಉಬ್ಬಿದಾಗ ಗೋಡೆಗೆ ಮತ್ತೆ ಕೂಡಿಕೊಳ್ಳಲು ಎಡೆಯೇ ಇರುವುದಿಲ್ಲ. ಒತ್ತಡ ಪಕ್ಕದಲ್ಲಿ ದಾರಿ ಹುಡುಕುತ್ತದೆ.

ಆದ್ದರಿಂದ ಮೊದಲು ಸರಿಪಡಿಸಬೇಕಾದದ್ದು ಮನೆಯ ಸುತ್ತಲಿನ ನೀರನ್ನು. ಬಚ್ಚಲ ನೀರು, ತಾರಸಿಯ ಕೊಳವೆಯಿಂದ ಬೀಳುವ ಮಳೆನೀರು, ಸೋರುವ ಸಂಪು, ಒಂದೇ ಗೋಡೆಯ ಬುಡದಲ್ಲಿ ದಿನವೂ ನೀರು ಹಾಕುವ ಹೂವಿನ ಪಾತಿ — ಇವೆಲ್ಲ ಒಂದು ಬದಿಯನ್ನು ಉಬ್ಬಿಸಿ ಇನ್ನೊಂದನ್ನು ಒಣಗಲು ಬಿಡುತ್ತವೆ. ಪಕ್ಕದಲ್ಲಿ ಇನ್ನೂ ಗದ್ದೆ ಉಳಿದಿದ್ದರೆ, ಭದ್ರಾ ನಾಲೆಯಲ್ಲಿ ನೀರು ಬಿಟ್ಟ ವಾರಗಳಲ್ಲಿ ಆ ಬದಿಯ ಗೋಡೆಯನ್ನು ಗಮನಿಸಿ. ನೀರನ್ನೆಲ್ಲ ಕೊಳವೆಯಲ್ಲಿ ದೂರ ಸಾಗಿಸಿ, ಮನೆಯ ಸುತ್ತ ಸುಮಾರು 2 ಮೀಟರ್ ಅಗಲಕ್ಕೆ, ನಿಮ್ಮ ಜಾಗ ಅಷ್ಟಿಲ್ಲದಿದ್ದರೆ ಕಾಂಪೌಂಡಿನವರೆಗೂ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಹೊರಕ್ಕೆ ಇಳಿಜಾರಾಗುವಂತೆ ಕಾಂಕ್ರೀಟ್ ಹಾಕಿಸಿ. ಗೋಡೆಗೆ ಅಂಟಿದಂತೆ ದೊಡ್ಡ ಮರ ಬೆಳೆಸಬೇಡಿ. ಆದರೆ ಮನೆಗಿಂತ ಹಳೆಯ ಮರವಿದ್ದರೆ ಏಕಾಏಕಿ ಕಡಿಸಲೂ ಬೇಡಿ, ಅದು ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು ನೆಲ ಉಬ್ಬುತ್ತದೆ.

ಇದಾದ ಮೇಲೆ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿಟ್ಟು ಒಂದು ವರ್ಷ ಕಾಯಿರಿ. ಏರಿಳಿತ ನಿಂತಿದ್ದರೆ ಬಿರುಕನ್ನು ಕೆತ್ತಿ, ಜಾಲರಿ ಹೊಡೆದು ಗಾರೆ ಮಾಡಿಸಬಹುದು. ಅಲ್ಲಿಯವರೆಗೆ ಹೊರಗೋಡೆಗೆ ಎಳೆತ ತಾಳುವ ಸೀಲೆಂಟ್ ಸಾಕು.

ಮಹಡಿಯ ಮಾತು. ಮೂಲೆಯೊಂದರಲ್ಲಿ ಗುಂಡಿ ತೋಡಿಸಿ, ಪಾಯ ಎಷ್ಟು ಆಳಕ್ಕಿದೆ, ಯಾವ ಮಣ್ಣಿನ ಮೇಲೆ ಕೂತಿದೆ ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರರಿಗೆ ತೋರಿಸದೆ ಒಂದು ಇಟ್ಟಿಗೆಯನ್ನೂ ಮೇಲೇರಿಸಬೇಡಿ. ಇಂಥ ಮಣ್ಣಿನಲ್ಲಿ ಹೊಸದಾಗಿ ಕಟ್ಟುವವರಿಗೆ, ಸುಮಾರು 3.5 ಮೀಟರ್ ಆಳಕ್ಕೆ ಇಳಿಸಿ ತಳದಲ್ಲಿ ಗಡ್ಡೆಯಂತೆ ಅಗಲಗೊಳಿಸುವ ಕಾಂಕ್ರೀಟ್ ಕಂಬಗಳ ಪಾಯವಿದೆ. ನಿಮ್ಮದು ಬರೀ ಸೈಜುಗಲ್ಲಿನ ಪಾಯವಾಗಿದ್ದರೆ ಮದುವೆಯನ್ನು ಈಗಿರುವ ಮನೆಯಲ್ಲೇ ಮಾಡುವುದು ಲೇಸು.