ಟಿವಿ ಬದಲಿಸುವ ಮೊದಲು ಟೇಪು ಹಿಡಿಯಿರಿ

ಪ್ರಶ್ನೆ: ನಮ್ಮಲ್ಲಿ ಎಂಟು ವರ್ಷ ಹಳೆಯ 55 ಇಂಚಿನ ಫುಲ್ ಎಚ್‌ಡಿ ಟಿವಿ, ಬ್ಲೂ-ರೇ ಪ್ಲೇಯರ್, ಇನ್ನೂರು ಡಿಸ್ಕ್‌ಗಳಿವೆ. ಅಷ್ಟೇ ಅಳತೆಯ 4ಕೆ ಟಿವಿ, ಹೊಸ ಪ್ಲೇಯರ್ ಕೊಂಡು, ಮೆಚ್ಚಿನ ಸಿನಿಮಾಗಳನ್ನು 4ಕೆ ಡಿಸ್ಕ್‌ನಲ್ಲಿ ಮತ್ತೆ ಕೊಳ್ಳುವ ಆಸೆ. 'ಇರುವುದಕ್ಕೇನು ಧಾಡಿ?' ಎನ್ನುತ್ತಾಳೆ ಹೆಂಡತಿ. ಮಾತು ಸರಿಯಾಗಿ ಕೇಳಿಸದೆ ಸಬ್‌ಟೈಟಲ್ ಹಾಕಿಕೊಳ್ಳುತ್ತೇವೆ, ಅದೊಂದೇ ತೊಂದರೆ.

ಉತ್ತರ: ಪತ್ರದಲ್ಲಿ ಎಲ್ಲವನ್ನೂ ಬರೆದಿದ್ದೀರಿ, ಸೋಫಾದಿಂದ ಟಿವಿಗೆ ಎಷ್ಟು ಅಡಿ ಎನ್ನುವುದನ್ನು ಬಿಟ್ಟು. ಫುಲ್ ಎಚ್‌ಡಿಯಲ್ಲಿ ಸುಮಾರು 20 ಲಕ್ಷ ಚುಕ್ಕಿಗಳು, 4ಕೆಯಲ್ಲಿ 83 ಲಕ್ಷ. ಆದರೆ 55 ಇಂಚಿನ ಪರದೆಯಿಂದ ಸುಮಾರು ಏಳು ಅಡಿ ಹಿಂದೆ ಸರಿದರೆ ಸಾಮಾನ್ಯ ದೃಷ್ಟಿಗೆ ಫುಲ್ ಎಚ್‌ಡಿಯ ಚುಕ್ಕಿಗಳೇ ಬೇರೆ ಬೇರೆಯಾಗಿ ಕಾಣುವುದಿಲ್ಲ. ಮತ್ತೆ 4ಕೆ ಯಾರಿಗೆ?

ಈ ತಪ್ಪನ್ನು ನಾನು ಮಾಡಿ ಮುಗಿಸಿದ್ದೇನೆ. ಹೊಸ ಟಿವಿ ಬಂದ ರಾತ್ರಿ ಒಂದೇ ಸಿನಿಮಾದ ಹಳೆಯ, ಹೊಸ ಡಿಸ್ಕ್‌ಗಳನ್ನು ಹಾಕಿ ತೆಗೆದು, ಯಾವುದು ಯಾವುದೆಂದು ಹೇಳದೆ ಮಗಳಿಗೆ ತೋರಿಸಿದೆ. ಹನ್ನೊಂದು ಅಡಿ ದೂರದಲ್ಲಿ ಕೂತಿದ್ದ ಅವಳು ಐದು ಸಲದಲ್ಲಿ ಎರಡು ಸಲ ಸರಿ ಹೇಳಿ, ಆಕಳಿಸಿ ಎದ್ದು ಹೋದಳು. ಎಚ್‌ಡಿಆರ್ (ತೀರಾ ಬೆಳಕಿನಲ್ಲೂ ತೀರಾ ಕತ್ತಲಲ್ಲೂ ವಿವರ ಉಳಿಸಿ ತೋರಿಸುವ ತಂತ್ರ) ಎಂದು ಪೆಟ್ಟಿಗೆಯ ಮೇಲೆ ದಪ್ಪಗೆ ಬರೆದಿತ್ತು. ಅದಕ್ಕೆ ಬೇಕಾದ ಬೆಳಕು ಆ ಅಗ್ಗದ ಪರದೆಯಲ್ಲಿರಲಿಲ್ಲ. ಆಮೇಲೆ ಗೆಳೆಯನೊಬ್ಬನ ಒಳ್ಳೆಯ ಟಿವಿಯಲ್ಲಿ ನೋಡಿದಾಗ ಕಣ್ಣು ತೆರೆಯಿತು. ಕತ್ತಲ ಕೋಣೆಯ ದೃಶ್ಯದಲ್ಲಿ ನನ್ನ ಟಿವಿಯಲ್ಲಿ ಬರೀ ಬಿಳಿ ಕಲೆಯಾಗಿದ್ದ ದೀಪ, ಅಲ್ಲಿ ಬತ್ತಿಯ ತುದಿಯ ಕೆಂಪು ಸಮೇತ ಉರಿಯುತ್ತಿತ್ತು. ಹಿಂದಿನ ಗೋಡೆಯ ಕಪ್ಪು ಕಪ್ಪಾಗಿಯೇ ಉಳಿದಿತ್ತು. ಹಣ ಕೊಡುವುದಾದರೆ ಅದಕ್ಕೆ ಕೊಡಿ, ಚುಕ್ಕಿಗಳ ಲೆಕ್ಕಕ್ಕಲ್ಲ.

ಆದರೆ ನಿಮ್ಮ ನಿಜವಾದ ಕಾಯಿಲೆ ಸಬ್‌ಟೈಟಲ್. 5.1 ಧ್ವನಿಯಲ್ಲಿ, ಅಂದರೆ ಐದು ಸ್ಪೀಕರು ಮತ್ತು ಗುಡುಗಿನಂಥ ಸದ್ದಿಗೆ ಇನ್ನೊಂದು ಎಂದು ಹಂಚಿದ ಧ್ವನಿಯಲ್ಲಿ, ಸಂಭಾಷಣೆಯ ಬಹುಪಾಲು ಮಧ್ಯದ ಸ್ಪೀಕರಿಗೆಂದೇ ಮೀಸಲು. ಅದನ್ನು ಟಿವಿಯ ಬೆನ್ನಿಗೋ ಬುಡಕ್ಕೋ ಅಂಟಿಕೊಂಡ ಎರಡು ಪುಟ್ಟ ಸ್ಪೀಕರುಗಳಿಗೆ ತುರುಕಿದರೆ ಮಾತು ಸಂಗೀತದಲ್ಲಿ ಮುಳುಗುತ್ತದೆ. ಮೊದಲು ಪ್ಲೇಯರಿನ ಸೆಟ್ಟಿಂಗ್‌ನಲ್ಲಿ 'ನೈಟ್ ಮೋಡ್' ಇದೆಯೇ ನೋಡಿ. ಅದು ಗದ್ದಲವನ್ನು ತಗ್ಗಿಸಿ ಪಿಸುಮಾತನ್ನು ಎತ್ತುತ್ತದೆ. ಸಾಲದಿದ್ದರೆ ಮಧ್ಯದ ಸ್ಪೀಕರ್ ಇರುವ ಸೌಂಡ್‌ಬಾರ್ ಕೊಳ್ಳಿ. ನನ್ನ ಮನೆಯಲ್ಲಿ ಎಲ್ಲರೂ ಗಮನಿಸಿದ ಬದಲಾವಣೆ ಅದೊಂದೇ.

ಹಾಗೆಯೇ ಟಿವಿಯ ಚಿತ್ರದ ಸೆಟ್ಟಿಂಗ್‌ನಲ್ಲಿ 'ವಿವಿಡ್' ಬಿಟ್ಟು 'ಸಿನಿಮಾ' ಆರಿಸಿ, ಚಲನೆ ನಯಗೊಳಿಸುವ ಆಯ್ಕೆಯನ್ನು ಆಫ್ ಮಾಡಿಬಿಡಿ. ಸೆಕೆಂಡಿಗೆ 24 ಚೌಕಟ್ಟುಗಳ ಸಿನಿಮಾವನ್ನು ಧಾರಾವಾಹಿಯಂತೆ ಕಾಣಿಸುವ ಅಪರಾಧಿ ಅದು. ಖರ್ಚಿಲ್ಲ.

ಡಿಸ್ಕ್‌ಗಳನ್ನು ಮತ್ತೆ ಕೊಳ್ಳುವ ಆತುರ ಬೇಡ. 2000ದ ದಶಕದ ಅನೇಕ ಚಿತ್ರಗಳ ಅಂತಿಮ ಪ್ರತಿ ಸಿದ್ಧವಾದದ್ದೇ 2ಕೆಯಲ್ಲಿ, ಅಂದರೆ ಹೆಚ್ಚುಕಡಿಮೆ ಫುಲ್ ಎಚ್‌ಡಿಯಷ್ಟೇ ಚುಕ್ಕಿಗಳಲ್ಲಿ. ಅವುಗಳ 4ಕೆ ಡಿಸ್ಕ್ ಹಲವು ಬಾರಿ ಅದನ್ನೇ ಹಿಗ್ಗಿಸಿದ್ದಾಗಿರುತ್ತದೆ. 4ಕೆ ಪ್ಲೇಯರ್ ಕೊಂಡರೂ ಈಗಿನ ಬ್ಲೂ-ರೇಗಳು ಅದರಲ್ಲಿ ಓಡುತ್ತವೆ.

ಸದ್ಯಕ್ಕೆ ನಿಮ್ಮ ಹೆಂಡತಿಯ ಮಾತೇ ಸರಿ. ಟೇಪು ಹಿಡಿದು ಅಳತೆ ಬರೆದು ಕಳಿಸಿ. ಐದಾರು ಅಡಿ ಎಂದಾದರೆ ಈ ಉತ್ತರವನ್ನು ತಿದ್ದುತ್ತೇನೆ.