ಬಿಲ್ ಟೆರ್ರಿ 0.401, ಯಾಸ್ಟ್ರೆಮ್ಸ್ಕಿ 0.301: ಲೀಗ್ ಸರಾಸರಿ ಇಟ್ಟುಕೊಂಡು ಹೋಲಿಸೋದು ಹೇಗೆ?

ಅಮೆರಿಕದ ಬೇಸ್‌ಬಾಲ್‌ನ ಈ ಇಬ್ಬರು ಆಟಗಾರರ ಬ್ಯಾಟಿಂಗ್ ಸರಾಸರಿ ಇಟ್ಟುಕೊಂಡು ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕೊನೆ ವರ್ಷದ ಪ್ರಾಜೆಕ್ಟ್ ಮಾಡಿದ್ದೆ. ಅದರಿಂದಲೇ ಒಂದು ಕೆಲಸ ಕೈತಪ್ಪಿತು.

ಟೆರ್ರಿ ಆಡಿದ್ದು 1930ರ ನ್ಯಾಷನಲ್ ಲೀಗ್. ಯಾಸ್ಟ್ರೆಮ್ಸ್ಕಿಯದು 1968ರ ಅಮೆರಿಕನ್ ಲೀಗ್. ಬ್ಯಾಟಿಂಗ್ ಸರಾಸರಿ ಅಂದರೆ ಹಿಟ್‌ಗಳನ್ನ (ಚೆಂಡು ಹೊಡೆದು ಬೇಸ್ ತಲುಪಿದ ಸಲ) ಅಟ್-ಬ್ಯಾಟ್‌ಗಳಿಂದ (ಲೆಕ್ಕಕ್ಕೆ ಹಿಡಿಯುವ ಬ್ಯಾಟಿಂಗ್ ಸರದಿ) ಭಾಗಿಸಿದ್ದು. ಡೇಟಾ ಇಳಿಸಿಕೊಂಡೆ. ಆಟಗಾರರ ಬ್ಯಾಟಿಂಗ್ ಸರಾಸರಿಯ ಕಾಲಂ ಪೂರ್ತಿ ಸೆಲೆಕ್ಟ್ ಮಾಡಿ, ಎಕ್ಸೆಲ್‌ನಲ್ಲಿ ಆವರೇಜ್ ಒತ್ತಿದೆ. ಲೀಗ್ ಸರಾಸರಿ ಸಿಕ್ಕಿತು ಅಂದುಕೊಂಡೆ.

ಇಂಟರ್ವ್ಯೂನಲ್ಲಿ ಅದೇ ಪ್ರಾಜೆಕ್ಟ್ ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ ವರ್ಷ ಲೀಗ್‌ನಲ್ಲಿ ಒಟ್ಟು ಹಿಟ್ ಎಷ್ಟು, ಒಟ್ಟು ಅಟ್-ಬ್ಯಾಟ್ ಎಷ್ಟು?" ನನ್ನ ಶೀಟ್‌ನಲ್ಲಿ ಆ ಎರಡು ಮೊತ್ತ ಇರಲೇ ಇಲ್ಲ. ಬಾಯಿ ಕಟ್ಟಿಹೋಯಿತು.

ತಪ್ಪು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ಒಬ್ಬ 600 ಅಟ್-ಬ್ಯಾಟ್‌ನಲ್ಲಿ 180 ಹಿಟ್ ಹೊಡೆದ, ಸರಾಸರಿ 0.300. ಇನ್ನೊಬ್ಬ 10ರಲ್ಲಿ 1 ಹೊಡೆದ, 0.100. ನನ್ನ ಲೆಕ್ಕದಲ್ಲಿ ಇಬ್ಬರ ಸರಾಸರಿ 0.200. ನಿಜವಾದದ್ದು 610ಕ್ಕೆ 181, ಅಂದರೆ 0.297. ಆಗೆಲ್ಲ ಪಿಚರ್‌ಗಳೂ (ಚೆಂಡು ಎಸೆಯುವವರು) ಬ್ಯಾಟ್ ಹಿಡಿಯಬೇಕಿತ್ತು. ಅವರು ಬರೋದು ಕಮ್ಮಿ, ಹೊಡೆಯೋದು ಇನ್ನೂ ಕಮ್ಮಿ. ಆದರೂ ನನ್ನ ಕಾಲಂನಲ್ಲಿ ಪಿಚರ್‌ಗೂ ಯಾಸ್ಟ್ರೆಮ್ಸ್ಕಿಗೂ ಒಂದೇ ತೂಕ! ಲೀಗ್ ಸರಾಸರಿ ಸುಮ್ನೆ ಕೆಳಗೆ ಬಿತ್ತು. ದಿನಾ ಆಡುವವರೆಲ್ಲ ದೊಡ್ಡವರಾಗಿ ಕಂಡರು.

ಮನೆಗೆ ಬಂದು ಅಪ್ಪನ ಹತ್ತಿರ ಹೇಳಿಕೊಂಡೆ. ಅವರಿಗೆ ಬೇಸ್‌ಬಾಲ್ ಗೊತ್ತಿಲ್ಲ, ಮೆಕ್ಕೆಜೋಳ ಗೊತ್ತು. ಆ ವರ್ಷ ನಮ್ಮ ಬೋರ್ ನೀರಿನ 2 ಎಕರೆಯಲ್ಲಿ ಎಕರೆಗೆ 30 ಕ್ವಿಂಟಲ್ ಬಂದಿತ್ತು, ಮಳೆ ನಂಬಿದ 10 ಎಕರೆಯಲ್ಲಿ 18. "ಎರಡನ್ನೂ ಕೂಡಿ ಅರ್ಧ ಮಾಡಿ 24 ಅಂದರೆ 288 ಕ್ವಿಂಟಲ್ ಆಗಬೇಕು. ಎಪಿಎಂಸಿಯಲ್ಲಿ ತೂಗಿದ್ದು 240. ಉಳಿದದ್ದು ಎಲ್ಲಿಂದ ತರಲಿ?" ಅಂದರು. ಅಷ್ಟು ಹೊತ್ತಿಗೆ ನನಗೆ ಪೂರ್ತಿ ಅರ್ಥವಾಯಿತು.

ಈಗ ಸರಿಯಾದ ಲೆಕ್ಕ. 1930ರ ನ್ಯಾಷನಲ್ ಲೀಗ್ ಸರಾಸರಿ 0.303. 1968ರ ಅಮೆರಿಕನ್ ಲೀಗ್ ಸರಾಸರಿ ಬರೀ 0.230. ಭಾಗಿಸಿ ನೋಡಿ: ಟೆರ್ರಿ ಲೀಗ್‌ಗಿಂತ ಸುಮಾರು ಶೇ. 32 ಮೇಲೆ, ಯಾಸ್ಟ್ರೆಮ್ಸ್ಕಿ ಶೇ. 31. ನೂರು ಪಾಯಿಂಟ್ (ಅಂದರೆ 0.100) ಅಂತರ ಕರಗಿಯೇ ಹೋಯಿತು, ಅಲ್ವಾ? 1968 ಪಿಚರ್‌ಗಳ ವರ್ಷ. ಆ ಲೀಗ್‌ನಲ್ಲಿ 0.300 ದಾಟಿದ್ದು ಯಾಸ್ಟ್ರೆಮ್ಸ್ಕಿ ಒಬ್ಬರೇ. ಮುಂದಿನ ವರ್ಷ ಪಿಚರ್ ನಿಲ್ಲುವ ದಿಬ್ಬವನ್ನೇ 15 ಇಂಚಿನಿಂದ 10ಕ್ಕೆ ಇಳಿಸಿದರು.

ಆದರೆ ಇದನ್ನಿಟ್ಟುಕೊಂಡು "ಯಾರು ಮೇಲು" ಅಂತ ತೀರ್ಮಾನ ಮಾಡೋದೇ ನನಗೆ ಒಪ್ಪಿಗೆಯಿಲ್ಲ. 1968ರಲ್ಲಿ ಯಾಸ್ಟ್ರೆಮ್ಸ್ಕಿ 119 ವಾಕ್ (ಪಿಚರ್ ನಾಲ್ಕು ಸಲ ಗುರಿ ತಪ್ಪಿ ಎಸೆದರೆ ಹೊಡೆಯದೆಯೇ ಸಿಗುವ ಮೊದಲ ಬೇಸ್) ಪಡೆದರು. ಬ್ಯಾಟಿಂಗ್ ಸರಾಸರಿಯಲ್ಲಿ ಅದರಲ್ಲಿ ಒಂದೂ ಲೆಕ್ಕಕ್ಕಿಲ್ಲ. ಬೇಸ್ ತಲುಪಿದ ಪ್ರಮಾಣ ನೋಡಿದರೆ 0.426. ನೀವು ಅದನ್ನೇ ಹೋಲಿಸಿ. ಅದರ ಲೀಗ್ ಸರಾಸರಿಯನ್ನೂ ಒಟ್ಟು ಮೊತ್ತಗಳಿಂದಲೇ ತೆಗೆಯಿರಿ, ಕಾಲಂ ಸೆಲೆಕ್ಟ್ ಮಾಡಿ ಆವರೇಜ್ ಒತ್ತಬೇಡಿ.